ಕತ್ತಲ ಮನೆಗಳಿಗೆಂದು ಕೊಂಡ ಲೆನ್ಸು

ಕತ್ತಲ ಮನೆಗಳಲ್ಲಿ ಫೋಟೋ ತೆಗೆದು ಹೊಟ್ಟೆ ಹೊರೆದವಳು ನಾನು. ನವಲಗುಂದದ ಪೇಟೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇತ್ತು. ಸುತ್ತಲ ಊರುಗಳ ಕುಬುಸ, ತೊಟ್ಟಿಲು, ಮದುವೆ ಇವೇ ನನ್ನ ಅನ್ನ. ‘ಫೋಟೋ ಪಾರಕ್ಕ’ ಎಂದರೆ ಬಸ್ಸಿನ ಕಂಡಕ್ಟರೂ ಗುರುತು ಹಿಡಿದು, “ಇವತ್ತ ಯಾರ ಮನ್ಯಾಗ ಊಟಾರೀ ಅಕ್ಕಾರ?” ಎಂದು ಕೇಳುತ್ತಿದ್ದ. ಈಗ ಮೊಣಕಾಲು ಮಾತು ಕೇಳುವುದಿಲ್ಲ. ಸ್ಟುಡಿಯೋ ಮುಚ್ಚಿದ್ದೇನೆ. ಆದರೂ ಈ ಕೆಲಸಕ್ಕೆ ಹೊಸದಾಗಿ ಇಳಿಯುವವರು ಮನೆ ಹುಡುಕಿಕೊಂಡು ಬರುತ್ತಾರೆ. ಚಹಾದ ಬಟ್ಟಲು ಕೆಳಗಿಡುವ ಮೊದಲೇ ಎಲ್ಲರದೂ ಒಂದೇ ಪ್ರಶ್ನೆ: “ಕತ್ತಲಾಗ ತೆಗಿಯಾಕ ಯಾವ ಲೆನ್ಸ್ ತಗೋಬೇಕ್ರಿ?”

ಅವರಿಗೆ ಬೇಕಾದದ್ದು ಒಂದು ಅಂಕಿ. ಒನ್ ಪಾಯಿಂಟ್ ಫೋರ್ ಎಂದರೆ ಕಣ್ಣರಳಿಸುತ್ತಾರೆ, ಒನ್ ಪಾಯಿಂಟ್ ಎಯ್ಟ್ ಎಂದರೆ ಸ್ವಲ್ಪ ಸಪ್ಪಗಾಗುತ್ತಾರೆ. ಅಂಕಿ ಹೇಳಿ ಕಳಿಸಿಬಿಡುವುದು ನನಗೂ ಸುಲಭವೇ. ಆದರೆ ಖೈರೂನಬಿಯ ಮನೆಯಲ್ಲಿ ನಡೆದದ್ದನ್ನು ಹೇಳದೆ ಬರೀ ಅಂಕಿ ಕೊಟ್ಟರೆ ನಾನು ಮಾಡಿದ್ದನ್ನೇ ಇವರೂ ಮಾಡುತ್ತಾರೆಂಬ ಭಯ. ಒಬ್ಬೊಬ್ಬರಿಗೂ ಮೊದಲಿನಿಂದ ಹೇಳಲು ಉಸಿರಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ನಮ್ಮ ಕಡೆಯ ಹಳೆಯ ಮನೆಗಳನ್ನು ನೋಡಿದವರಿಗೆ ಗೊತ್ತು. ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಕಿಟಕಿ ಹೆಸರಿಗೊಂದು. ನಡುಮನೆಗೆ ಬೆಳಕು ಇಳಿಯುವುದು ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ, ಅದೂ ನೆಲದ ಮೇಲೆ ತಟ್ಟೆಯಗಲ. ಬೇಸಿಗೆಯಲ್ಲಿ ಮನೆಯವರಿಗೆ ತಂಪು, ಫೋಟೋದವರಿಗೆ ಸಂಕಟ. ಕುಬುಸದ ಬಸುರಿಯನ್ನು ಕೂಡಿಸುವುದು ಒಳಗಿನ ಕೋಣೆಯಲ್ಲಿ. ಕೂಸಿನ ಕಿವಿಯಲ್ಲಿ ಹೆಸರು ಹೇಳುವುದೂ ಅಲ್ಲೇ. ಬೆಳಕು ಚೆನ್ನಾಗಿದ್ದ ಪಡಸಾಲೆಯಲ್ಲಿ ಗಂಡಸರು ಎಲೆ ಅಡಿಕೆ ಹಾಕಿಕೊಂಡು ಕುಳಿತಿರುತ್ತಿದ್ದರು. ಅವರ ಫೋಟೋ ಯಾರಿಗೂ ಬೇಕಿರಲಿಲ್ಲ.

ನನ್ನ ಕೈಗೆ ಕ್ಯಾಮೆರಾ ಬಂದದ್ದೂ ಇದೇ ಕಾರಣಕ್ಕೆ. ನಾನು ಸ್ಟುಡಿಯೋ ಸೇರಿದ್ದು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖದ ಕಲೆ ಅಳಿಸುವ ಕೆಲಸಕ್ಕೆ. ಮಾಲಕರ ಹೆಸರು ಗುರುಪಾದಪ್ಪ. ಮೀಸೆ ದೊಡ್ಡದು, ಸಿಟ್ಟು ಅದಕ್ಕಿಂತ ದೊಡ್ಡದು. ಒಂದು ದಿನ ಕುಬುಸದ ಫೋಟೋಗಳನ್ನು ಮೇಜಿನ ಮೇಲೆ ಚೆಲ್ಲಿ, “ನೋಡ ಪಾರೂ, ನಾ ಒಳಗ ಹೋದ ಕೂಡಲೆ ಹೆಂಗಸರು ಸೆರಗ ಎಳಕೊಂಡು ಗ್ವಾಡಿಗೆ ಅಂಟಿಕೊಂತಾರ. ಎಲ್ಲಾರೂ ಕಳವು ಮಾಡಿ ಸಿಕ್ಕಂಗ ಕಾಣ್ತಾರ. ಇನ್ನ ಮ್ಯಾಲೆ ಒಳಗ ನೀ ಹೋಗ ಬೇ” ಎಂದರು. ಕ್ಯಾಮೆರಾ ಹೇಗೆ ಹಿಡಿಯಬೇಕೆಂದು ಹೇಳಿಕೊಟ್ಟದ್ದು ಬಸ್ಸಿಗೆ ಕಾಯುವಾಗ.

ಆಗ ಇದ್ದದ್ದು ಫ್ಲಾಶ್ ಒಂದೇ. ಫಳ್ ಎಂದು ಹೊಡೆಯುವುದು, ಮುಖವೆಲ್ಲ ಸುಣ್ಣ ಬಳಿದ ಹಾಗೆ ಬರುವುದು, ಹಿಂದೆ ಗೋಡೆಯ ಮೇಲೆ ಕರಿ ನೆರಳು. ತಂಬೂರಿನ ಒಂದು ಮನೆಯಲ್ಲಿ ತೊಟ್ಟಿಲ ಕಾರ್ಯವಿತ್ತು. ಕಲಘಟಗಿಯಲ್ಲಿ ಮಾಡಿಸಿದ ಬಣ್ಣದ ತೊಟ್ಟಿಲು, ನಾಲ್ಕೂ ಕಡೆ ದೇವರ ಚಿತ್ರ, ಮೇಲೆ ಅರಗಿನ ಹೊಳಪು. ನಾನು ಉತ್ಸಾಹದಿಂದ ಫ್ಲಾಶ್ ಹೊಡೆದು ಬಂದೆ. ತೊಳೆದು ನೋಡಿದರೆ ಆ ಹೊಳಪಿಗೆ ಬೆಳಕು ಬಡಿದು, ಚಿತ್ರ ಇರಬೇಕಾದಲ್ಲೆಲ್ಲ ಬಿಳಿ ಬಿಳಿ ಮಚ್ಚೆ. ಮನೆಯ ಹಿರಿಯಮ್ಮ ಫೋಟೋ ತಿರುಗಿಸಿ ಮುರುಗಿಸಿ ನೋಡಿ, “ನಮ್ಮ ದೇವರೆಲ್ಲಾ ಎಲ್ಲಿ ಹೋದ್ರವಾ?” ಎಂದು ಕೇಳಿದಳು. ಗುರುಪಾದಪ್ಪನವರು ನಾಲ್ಕು ದಿನ ನನ್ನೊಡನೆ ಮಾತು ಬಿಟ್ಟರು. ಐದನೆಯ ದಿನ ಬಾಯಿಬಿಟ್ಟದ್ದು ಇಷ್ಟಕ್ಕೆ: “ಫ್ಲಾಶ್ ಹೊಡದು ದೇವರನ್ನ ಓಡಿಸಿ ಬಂದಾಕಿ, ಹೋಗು, ಚಹಾ ತಗೊಂಬಾ.” ಅವತ್ತಿನಿಂದ ಫ್ಲಾಶ್ ಇಲ್ಲದೆ ತೆಗೆಯಬೇಕೆಂಬ ಹಟ ನನ್ನ ತಲೆ ಹೊಕ್ಕಿತು.

ಮಾಲಕರು ತೀರಿಕೊಂಡರು, ಸ್ಟುಡಿಯೋ ನನ್ನ ಪಾಲಿಗೆ ಬಂತು, ರೀಲು ಹೋಗಿ ಡಿಜಿಟಲ್ ಬಂತು. ಕ್ಯಾಮೆರಾ ಜೊತೆಗೇ ಕೊಡುವ ಲೆನ್ಸು ಒಂದಿರುತ್ತದಲ್ಲ, ಹಗಲಲ್ಲಿ ಅದು ಸಾಧು ಪ್ರಾಣಿ. ಕತ್ತಲಲ್ಲಿ ಅದರ ಕೈಕಾಲು ಆಡುವುದಿಲ್ಲ. ಲೆನ್ಸಿನ ಮೇಲೆ ಬರೆದ ಅಂಕಿ ಸಣ್ಣದಾದಷ್ಟೂ ಅದರ ಬಾಯಿ ದೊಡ್ಡದು, ಬಾಯಿ ದೊಡ್ಡದಾದಷ್ಟೂ ಒಳಗೆ ಬರುವ ಬೆಳಕು ಹೆಚ್ಚು. ಈ ಲೆನ್ಸಿನ ಬಾಯಿ ಸಣ್ಣದು. ಒಂದು ಕುಬುಸಕ್ಕೆ ಅದನ್ನೇ ಒಯ್ದು ಫ್ಲಾಶ್ ಬಿಟ್ಟು ತೆಗೆದೆ. ಹಾಡುತ್ತಿದ್ದ ಹೆಂಗಸರೆಲ್ಲ ಅಲುಗಾಡಿ, ಒಬ್ಬೊಬ್ಬರಿಗೂ ಎರಡೆರಡು ಬಾಯಿ ಬಂದಿತ್ತು. ಕ್ಯಾಮೆರಾದ ಸೂಕ್ಷ್ಮತೆ ಏರಿಸಿದರೆ ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಳು. ಸಾಕಪ್ಪಾ ಸಾಕು ಎಂದುಕೊಂಡು ಹುಬ್ಬಳ್ಳಿಯ ಬಸ್ಸು ಹತ್ತಿದೆ.

ಅಂಗಡಿಯವನು ಗಾಜಿನ ಮೇಲೆ ಮೂರು ಲೆನ್ಸು ಇಟ್ಟ. ಒಂದು ಸಣ್ಣದು, ಹಗುರ, ಅಂಕಿ 1.8. ಅದರ ಬಾಯಿಯೂ ನಮ್ಮ ಮನೆಗಳಿಗೆ ಸಾಕಷ್ಟು ದೊಡ್ಡದೇ. ಇನ್ನೊಂದು ಉದ್ದನೆಯ ಜೂಮು, ಅಂಕಿ 2.8, ಎತ್ತಿದರೆ ಬೀಸುವ ಕಲ್ಲಿನ ಭಾರ. ಮೂರನೆಯದು ಎಂಬತ್ತೈದು ಮಿಲಿಮೀಟರಿನದು, ಅಂಕಿ 1.4. ಅದನ್ನು ಕೈಗೆ ತೆಗೆದುಕೊಂಡು ಒಳಗೆ ಇಣುಕಿದೆ. ಗಾಜಿನ ಆಳದಲ್ಲಿ ನೇರಳೆ ಬಣ್ಣ, ಅದರೊಳಗೆ ಅಂಗಡಿಯ ದೀಪವೆಲ್ಲ ಇಷ್ಟಿಷ್ಟಾಗಿ ಕೂತಿತ್ತು. ಮನಸ್ಸು ಅಲ್ಲೇ ಬಿತ್ತು.

ಅಂಗಡಿಯವನು ಒಳ್ಳೆಯವನು. ದುಬಾರಿಯದನ್ನು ಮಾರುವ ಆಸೆ ಬಿಟ್ಟು ಹೇಳಿದ: “ಅಕ್ಕಾರ, ನಿಮ್ಮ ಕೆಲಸಕ್ಕ ಸಣ್ಣದ ಸಾಕ್ರಿ. ಉಳಿದ ರೊಕ್ಕದಾಗ ಒಂದ ಗಟ್ಟಿ ಸ್ಟ್ಯಾಂಡ್ ತಗೋರಿ. ಅಲುಗಾಡಲಾರದ ವಸ್ತು ತೆಗಿಯೂ ಮುಂದ ಅರ್ಧ ಕೆಲಸ ಸ್ಟ್ಯಾಂಡ ಮಾಡತೈತಿ.”

“ಸ್ಟ್ಯಾಂಡ್ ಹೊತಗೊಂಡು ನವಲಗುಂದ ಬಸ್ ಹತ್ತಲೇನಪಾ? ಅದಕ್ಕೂ ಒಂದ ಟಿಕೇಟ್ ಕೇಳ್ತಾನ ಕಂಡಕ್ಟರ್” ಎಂದೆ. ಅವನು ನಕ್ಕ. ನಾನೂ ನಕ್ಕು ಮೂರನೆಯದನ್ನೇ ಕಟ್ಟಿಸಿಕೊಂಡೆ. ಈಗ ನೆನೆಸಿಕೊಂಡರೆ ಆ ನಗುವೇ ಚುಚ್ಚುತ್ತದೆ.

ಮೊದಲ ಸಲ ಆ ಲೆನ್ಸಿನಲ್ಲಿ ತೆಗೆದ ಚಿತ್ರ ನೋಡಿ ನಾನು ಊಟ ಮರೆತೆ. ಬೆಳಕಿಂಡಿಯ ಕೆಳಗೆ ಕೂತ ಹುಡುಗಿಯ ಕಣ್ಣಿನ ರೆಪ್ಪೆ ಒಂದೊಂದೂ ಎಣಿಸಬಹುದು. ಹಿಂದಿನ ಗೋಡೆ, ಜೋತುಬಿದ್ದ ಬಟ್ಟೆ, ಮೂಲೆಯ ಜೋಳದ ಚೀಲ ಎಲ್ಲವೂ ಬೆಣ್ಣೆ ಕರಗಿದ ಹಾಗೆ ಕರಗಿಹೋಗಿತ್ತು. ಬಡವರ ಮನೆಯೂ ಅರಮನೆಯಂತೆ ಕಾಣುತ್ತಿತ್ತು. ದೊಡ್ಡ ಬಾಯಿಯ ಲೆನ್ಸಿನ ಗುಣವೇ ಅದು: ಬೆಳಕು ಧಾರಾಳ, ಸ್ಪಷ್ಟತೆ ಜಿಪುಣ. ನೀವು ಗುರಿಯಿಟ್ಟ ಜಾಗ ಮಾತ್ರ ಚೂಪು, ಅದರ ಹಿಂದೆ ಮುಂದೆ ಎಲ್ಲ ಮಸುಕು. ಈ ಜಿಪುಣತನವನ್ನೇ ನಾವು ಚೆಂದ ಎನ್ನುತ್ತೇವೆ. ಮದುಮಕ್ಕಳ ಮನೆಯವರು, “ಹಿಂದಿಂದೆಲ್ಲಾ ಮಂಜು ಮಂಜು ಬರತೈತೆಲ್ರಿ, ಅದನ್ನ ಮಾಡ್ರಿ” ಎಂದು ಹೇಳಿ ಕಳಿಸತೊಡಗಿದರು. ನನಗೂ ಜಂಭ ಬಂತು. ಲೆನ್ಸಿನ ಬಾಯಿಯನ್ನು ಸಣ್ಣದು ಮಾಡಿ ಹಿಂದೆ ಮುಂದೆ ಎರಡನ್ನೂ ಸ್ಪಷ್ಟ ತರುವ ಚಕ್ರ ಕ್ಯಾಮೆರಾದಲ್ಲೇ ಇದೆ. ಅದನ್ನು ತಿರುಗಿಸುವುದನ್ನೇ ಬಿಟ್ಟೆ. ಇಷ್ಟು ಖರ್ಚು ಮಾಡಿ ತಂದ ಬಾಯಿಯನ್ನು ಮುಚ್ಚುವುದೇ ಎಂಬ ಭಾವನೆ.

ಕುಂದಗೋಳದ ಕಡೆಯ ಒಂದು ಕುಬುಸದಲ್ಲಿ ಇಬ್ಬರು ಓರಗಿತ್ತಿಯರನ್ನು ಒಟ್ಟಿಗೆ ಕೂಡಿಸಿ ತೆಗೆದಿದ್ದೆ. ಹಿರಿಯವಳ ಮುಖ ಸ್ಪಷ್ಟ, ಒಂದು ಗೇಣು ಹಿಂದೆ ಕೂತ ಕಿರಿಯವಳದು ಮಸುಕು. ಅಲ್ಬಂ ಕೊಡಲು ಹೋದಾಗ ಕಿರಿಯವಳು ಸೊಂಟಕ್ಕೆ ಕೈಕೊಟ್ಟು ನಿಂತಳು.

“ಯಾಕ್ರೀ, ನನ್ನ ಮಾರಿ ಅಷ್ಟ ಯಾಕ ಒರಸಿ ಹಾಕೀರಿ? ಆಕಿ ಹೇಳಿದ್ಲೇನು?”

“ಇಲ್ಲವಾ, ಅದು ಹಂಗ ತೆಗಿಯೂದು. ಕಲಾ ಅಂತಾರ ಅದಕ್ಕ.”

“ನಿಮ್ಮ ಕಲಾ ನೀವ ಇಟ್ಟಕೋರಿ. ನನ್ನ ಮಾರಿ ನನಗ ಕೊಡ್ರಿ.”

ಸ್ಟುಡಿಯೋಕ್ಕೆ ಬಂದು ಈ ಮಾತನ್ನು ಎಲ್ಲರಿಗೂ ಹೇಳಿ ನಗಿಸಿದೆ. ಹಳ್ಳಿಯವರಿಗೆ ಏನು ತಿಳಿಯುತ್ತದೆ ಎಂದೂ ಅಂದೆ. ನಾನೇನು ಪ್ಯಾರಿಸ್ಸಿನಲ್ಲಿ ಹುಟ್ಟಿದವಳೇ? ಅವಳು ಹೇಳಿದ್ದನ್ನು ಅವತ್ತು ಕಿವಿಗೆ ಹಾಕಿಕೊಂಡಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಶಾಹೀನ್ ನನ್ನ ಸ್ಟುಡಿಯೋಕ್ಕೆ ಬಂದದ್ದು ಅದಾದ ಮೇಲೆ. ಜಮಖಾನ ನೇಯುವ ಮನೆಯ ಹುಡುಗಿ, ಧಾರವಾಡದಲ್ಲಿ ಬಿ.ಎಡ್ ಓದುತ್ತಿದ್ದಳು. ಅವಳ ಅಜ್ಜಿ ಖೈರೂನಬಿ, ಎಲ್ಲರ ಬಾಯಲ್ಲಿ ದಾದಿ. ನಮ್ಮೂರಲ್ಲಿ ಜಮಖಾನ ನೇಯುವವರು ಹೆಂಗಸರೇ, ಅದೂ ಮನೆಯ ಒಳಗೇ. ದಾದಿಗೆ ಒಂದು ವಿನ್ಯಾಸ ಬರುತ್ತಿತ್ತು. ಅವರ ಮನೆಯವರು ಜೋಡಬಳ್ಳಿ ಎನ್ನುತ್ತಿದ್ದರು. ಎರಡು ಬಳ್ಳಿಗಳು ಪಗಡೆಯ ಮನೆಗಳ ನಡುವೆ ಹಾದು, ಒಂದನ್ನೊಂದು ದಾಟಿ, ಎಲ್ಲೂ ಒಂದೇ ರೀತಿ ತಿರುಗದೆ ಜಮಖಾನದ ಅಗಲಕ್ಕೂ ಹರಡುತ್ತವೆ. ಎಡಕ್ಕಿದ್ದದ್ದು ಬಲಕ್ಕಿಲ್ಲ. ಅದು ಕಾಗದದ ಮೇಲೆ ಇರಲಿಲ್ಲ. ದಾದಿಯ ಅತ್ತೆಯಿಂದ ದಾದಿಗೆ ಬಂದದ್ದು, ದಾದಿಯ ಸೊಸೆ ಕಲಿಯುವ ಮೊದಲೇ ತೀರಿಕೊಂಡಿದ್ದಳು. ಇನ್ನು ಕಲಿಯಬೇಕಾದವಳು ಶಾಹೀನ್ ಒಬ್ಬಳೇ.

“ಪರೀಕ್ಷಾ ಮುಗದ ಮ್ಯಾಲೆ ಸೂಟಿಯೊಳಗ ದಾದಿ ಬಾಜೂಕ ಕುಂತು ಕಲಿತೀನ್ರಿ” ಎಂದಳು. “ಆದ್ರ ದಾದಿಗೆ ವಯಸ್ಸಾತು. ಈಗ ಜೋಡಬಳ್ಳಿ ಹಾಕ್ಯಾಳ ಮಗ್ಗಕ್ಕ. ಫೋಟೋ ಇದ್ರ ಎಳಿ ಎಣಿಸಿ ನೇಯಾಕ ಬರತೈತ್ರಿ. ಎಳಿ ಎಣಿಸಾಕ ಬರೂಹಂಗ ಬೇಕು ನೋಡ್ರಿ ಅಕ್ಕಾ.”

“ರೆಪ್ಪಿ ಎಣಿಸಾಕ ಬರೂಹಂಗ ತೆಗಿತೀನಿ, ಎಳಿ ಯಾವ ಲೆಕ್ಕ?” ಎಂದೆ ನಾನು.

ದಾದಿಯ ಮನೆಯಲ್ಲಿ ಮಗ್ಗ ಗೋಡೆಯ ಹತ್ತಿರ ನೆಟ್ಟಗೆ ನಿಂತಿತ್ತು. ಹಾಸಿನ ಎಳೆಗಳು ಮೇಲಿಂದ ಕೆಳಗೆ ಬಿಗಿದಿದ್ದವು. ದಾದಿ ಅದರ ಮುಂದೆ ಕೂತು ಬಣ್ಣದ ನೂಲು ತೂರಿಸಿ, ಪಂಜಾ ಎನ್ನುವ ಕಬ್ಬಿಣದ ಹಣಿಗೆಯಿಂದ ಬಡಿದು ಕೂಡಿಸುತ್ತಿದ್ದಳು. ಕಣ್ಣಿನ ಆಪರೇಷನ್ ಆಗಿದ್ದರಿಂದ ಮೊದಲೇ ಹೇಳಿದಳು: “ಆ ಫಳ್ ಅನ್ನೂ ಬೆಂಕಿ ಬ್ಯಾಡ ಬೇಟಾ.” ನನಗೆ ಅದು ಬೇಕೂ ಇರಲಿಲ್ಲ.

ಆ ಮನೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ಅರ್ಧ ನೇಯ್ದ ಜಮಖಾನವನ್ನು ಎದುರಿಗೆ ನಿಂತು ಯಾರೂ ನೋಡುವಂತಿಲ್ಲ. ನಜರ್ ತಾಕುತ್ತದೆ ಎಂದು. ಬಂದವರು ಮಗ್ಗದ ಪಕ್ಕದಲ್ಲಿ ಕೂರಬೇಕು, ಅಲ್ಲಿಂದಲೇ ಮಾತು, ಅಲ್ಲಿಂದಲೇ ಚಹಾ. ದಾದಿ ಎದ್ದಾಗ ಮಗ್ಗಕ್ಕೆ ಹಳೆಯ ಸೀರೆ ಇಳಿಬಿಡುತ್ತಿದ್ದಳು. ಹಾಗಾಗಿ ನಾನು ಪಕ್ಕದಲ್ಲಿ ಕೂತು ಓರೆಯಾಗಿ ತೆಗೆಯಬೇಕಿತ್ತು. ಓರೆಯಾಗಿ ನೋಡಿದರೆ ಜಮಖಾನದ ಹತ್ತಿರದ ಅಂಚು ನನ್ನ ಮೂಗಿನ ಮುಂದೆ, ಆಚೆಯ ಅಂಚು ಮಾರು ದೂರ. ಇಂಥ ಕಡೆ ದೊಡ್ಡ ಬಾಯಿಯ ಲೆನ್ಸು ಏನು ಮಾಡುತ್ತದೆಂದು ಈ ಕಸುಬಿನ ಯಾರಿಗಾದರೂ ಹೊಳೆಯಬೇಕು. ನನಗೆ ಹೊಳೆಯಲಿಲ್ಲ. ಹೊಳೆಯಲಿಲ್ಲ ಎಂದರೂ ಸುಳ್ಳಾದೀತು. ನಾನು ದಾದಿಯ ಕೈ ನೋಡುತ್ತ ಕೂತಿದ್ದೆ.

ಏನು ಕೈ ಅವು! ಗೋರಂಟಿ ಮಾಸಿದ ಬೆರಳು, ಉಗುರಿನ ಸಂದಿಯಲ್ಲಿ ಕೆಂಪು ನೂಲಿನ ಧೂಳು, ಹಸಿರು ಬಳೆ. ಬೆಳಗಿನ ಹೊತ್ತು ಬೆಳಕಿಂಡಿಯಿಂದ ಬೆಳಕು ಮಗ್ಗದ ಎಡಗಡೆ ಇಳಿಯುತ್ತಿತ್ತು. ದಾದಿಯನ್ನು ಅದೇ ಜಾಗಕ್ಕೆ ಸರಿದು ಕೂರಲು ಹೇಳಿದೆ. ಆಕೆಗೂ ಫೋಟೋ ಎಂದರೆ ಖುಷಿ. ಎರಡನೆಯ ದಿನ ಇಸ್ತ್ರಿ ಮಾಡಿದ ಸೀರೆ ಉಟ್ಟು, ಪೆಟ್ಟಿಗೆಯಲ್ಲಿದ್ದ ಬಳೆ ತೊಟ್ಟು, “ಮಾರಿನೂ ಬರತೈತಿಲ್ಲೋ? ಬರೇ ಕೈ ತೆಗದ್ರ ಯಾರದ ಅಂತ ಹೆಂಗ ಗೊತ್ತಾಗಬೇಕು?” ಎಂದು ತಯಾರಾಗಿದ್ದಳು. ಜಮಖಾನ ಮೇಲೇರಿದಂತೆಲ್ಲ ನಾನು ಬೆಳಿಗ್ಗೆ ಹೋಗಿ ಅದೇ ಜಾಗದಲ್ಲಿ ಕೂತು, ಅದೇ ಬೆಳಕಿನಲ್ಲಿ, ಅದೇ ಕೈಗೆ ಗುರಿಯಿಟ್ಟು ತೆಗೆಯುತ್ತಿದ್ದೆ. ಲೆನ್ಸಿನ ಬಾಯಿ ಪೂರ್ತಿ ತೆರೆದಿತ್ತು.

ಮೊದಲ ದಿನ ಶಾಹೀನ್ ನನ್ನ ಪಕ್ಕದಲ್ಲಿ ಕೂತು ತನ್ನ ಅಗ್ಗದ ಫೋನು ಎತ್ತಿದಳು. ಅದರ ಬೆಳಕು ದಾದಿಯ ಬಳೆಯಲ್ಲಿ ಮಿನುಗಿ ನನ್ನ ಚಿತ್ರ ಕೆಡಿಸಿತು. “ಅದನ್ನ ಒಳಗ ಇಡವಾ. ನಾ ಇಷ್ಟ ದೊಡ್ಡ ಲೆನ್ಸ್ ತಂದೀನಿ, ನೀ ಅದರಾಗೇನ ತೆಗೀತಿ?” ಎಂದೆ. ಅವಳು ನಾಚಿ ಒಳಗಿಟ್ಟಳು. ಆಮೇಲೆ ಒಮ್ಮೆಯೂ ತೆಗೆಯಲಿಲ್ಲ. ಫೋನಿನ ಲೆನ್ಸು ಕಡಲೆಕಾಳಿನಷ್ಟು. ಅದರಲ್ಲಿ ಚೆಂದ ಬರುವುದಿಲ್ಲ, ಕಾಳು ಕಾಳಾಗಿ ಬರುತ್ತದೆ, ಆದರೆ ಮೂಗಿನ ಮುಂದಿನದೂ ಮಾರು ದೂರದ್ದೂ ಒಂದೇ ಸಮ ಕಾಣುತ್ತದೆ. ಅವತ್ತು ಆ ಹುಡುಗಿಯನ್ನು ಅವಳ ಪಾಡಿಗೆ ಬಿಟ್ಟಿದ್ದರೆ ಸಾಕಿತ್ತು.

ಕ್ಯಾಮೆರಾದ ಹಿಂದಿನ ಸಣ್ಣ ಪರದೆಯಲ್ಲಿ ಚಿತ್ರ ತೋರಿಸಿದಾಗ ಇಬ್ಬರೂ ಹಿಗ್ಗಿದರು. ಬೆಂಕಿಪೊಟ್ಟಣದಗಲದ ಪರದೆಯಲ್ಲಿ ಎಲ್ಲವೂ ಸ್ಪಷ್ಟವೇ. ಜಮಖಾನ ಮುಗಿದು ಕೆಳಗಿಳಿದ ಮೇಲೆ ನೆಲಕ್ಕೆ ಹಾಸಿ ಎದುರಿನಿಂದ ಒಂದು ಚಿತ್ರ ತೆಗೆಯೋಣವೆಂದು ಮಾತಾಗಿತ್ತು. ಅದು ಮುಗಿದ ದಿನ ನಾನು ಕಲಘಟಗಿಯಲ್ಲಿ ಒಂದು ಮದುವೆಯಲ್ಲಿದ್ದೆ, ಶಾಹೀನ್ ಧಾರವಾಡದಲ್ಲಿದ್ದಳು. ವ್ಯಾಪಾರಿ ಬಂದು ಕಟ್ಟಿಕೊಂಡು ಹೋದ. ಮುಂದೆ ಯಾವುದೋ ಮೇಳದಲ್ಲಿ ಮಾರಿದನಂತೆ, ಕೊಂಡವರು ಯಾರೆಂದು ಅವನಿಗೂ ಗೊತ್ತಿಲ್ಲ. “ಹೋಗಲಿ ಬಿಡು, ನನ್ನ ಹತ್ರ ಇಷ್ಟೊಂದು ಅದಾವು” ಎಂದು ನಾನೇ ಶಾಹೀನಳಿಗೆ ಫೋನಿನಲ್ಲಿ ಸಮಾಧಾನ ಹೇಳಿದೆ.

ದಾದಿಯ ಕೈಗಳ ಒಂದು ಚಿತ್ರವನ್ನು ಹುಬ್ಬಳ್ಳಿಯ ಪ್ರದರ್ಶನವೊಂದರಲ್ಲಿ ತೂಗುಹಾಕಿದರು. ಬೆರಳು ಮಾತ್ರ ಜೀವಂತ, ಸುತ್ತಲೂ ಕೆಂಪು ಹಸಿರು ಮಂಜು. ನೋಡಿದವರು ನಿಂತುಬಿಡುತ್ತಿದ್ದರು. ಶಾಲು ಹೊದಿಸಿ ಹಾರ ಹಾಕಿದರು. ನನ್ನ ಇಡೀ ಕಸುಬಿನಲ್ಲಿ ಅಷ್ಟು ಹೊಗಳಿಕೆ ನನಗೆ ಇನ್ಯಾವುದಕ್ಕೂ ಸಿಗಲಿಲ್ಲ.

ಪರೀಕ್ಷೆ ಮುಗಿಯುವ ಮೊದಲೇ ದಾದಿ ತೀರಿಕೊಂಡಳು. ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ಕೆಲವು ವಾರ ಬಿಟ್ಟು ಶಾಹೀನ್ ಸ್ಟುಡಿಯೋಕ್ಕೆ ಬಂದಳು. ಚೌಕದ ಕಾಗದ, ಬಣ್ಣದ ಪೆನ್ಸಿಲು ಎಲ್ಲ ತಂದಿದ್ದಳು. “ಚಾಲೂ ಮಾಡೂಣ್ರಿ ಅಕ್ಕಾ” ಎಂದು ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡಳು. ನಾನು ಮೊದಲ ಚಿತ್ರ ತೆರೆದು ದೊಡ್ಡದು ಮಾಡಿದೆ.

ಬೆರಳು ಚೂಪಾಗಿತ್ತು. ಬೆರಳಿನ ಕೆಳಗಿನ ಎಳೆಗಳು, ಅಲ್ಲೊಂದು ಬಳ್ಳಿಯ ತಿರುವು, ಅದೂ ಸ್ಪಷ್ಟ. ಅದರಾಚೆಗೆ ಬಣ್ಣ ಬಣ್ಣದಲ್ಲಿ ಕಲಸಿಹೋಗಿತ್ತು.

“ಇದರ ಬಾಜೂಕಿಂದ ತೋರಿಸ್ರಿ” ಎಂದಳು.

ಎರಡನೆಯದು ತೆರೆದೆ. ಅದೂ ಹಾಗೇ. ಮೂರನೆಯದು, ನಾಲ್ಕನೆಯದು. ಒಂದೇ ಜಾಗದಲ್ಲಿ ಕೂತು, ಒಂದೇ ಬೆಳಕಿಗೆ ಆಸೆಪಟ್ಟು ತೆಗೆದದ್ದರಿಂದ ಎಲ್ಲ ಚಿತ್ರದಲ್ಲೂ ಸ್ಪಷ್ಟವಾಗಿದ್ದದ್ದು ಜಮಖಾನದ ಅದೇ ಒಂದು ಕಡೆ. ಎಡಕ್ಕೆ ಮಂಜು, ಬಲಕ್ಕೆ ಮಂಜು. ಶಾಹೀನ್ ಪೆನ್ಸಿಲನ್ನು ಕಾಗದದ ಮೇಲಿಟ್ಟು ಕಾಯುತ್ತಲೇ ಇದ್ದಳು. ಕಡೆಗೆ ಕೇಳಿದಳು: “ಬ್ಯಾರೆ ಅದಾವಲ್ರಿ? ಪೂರಾ ಬಂದಿದ್ದು?”

“ಇಲ್ಲವಾ.”

“ಒಂದೂ ಇಲ್ಲೇನ್ರಿ?”

ಇಲ್ಲವೆಂದು ತಲೆಯಾಡಿಸಿದೆ. ಅವಳು ಅಳುತ್ತಾಳೆಂದುಕೊಂಡೆ, ಬೈಯುತ್ತಾಳೆಂದುಕೊಂಡೆ. ಅವಳು ಪೆನ್ಸಿಲುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿ, “ದಾದಿ ಕೈ ಅಗದಿ ಚೊಲೋ ಬಂದಾವ್ರಿ” ಎಂದಳು. ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಮಾಡಬೇಕಾದ್ದೆಲ್ಲ ಆಮೇಲೆ ಮಾಡಿದೆ. ಮಸುಕನ್ನು ಸ್ಪಷ್ಟ ಮಾಡುವ ಹೊಸ ಸಾಫ್ಟ್‌ವೇರ್ ಬಂದಿದೆ ಎಂದು ಕೇಳಿ ಅದರಲ್ಲಿ ಹಾಕಿಸಿದೆ. ನೋಡುತ್ತ ನೋಡುತ್ತ ಮಂಜೆಲ್ಲ ಕರಗಿ ಎಳೆಗಳು ಮೂಡಿದವು. ನಾನು ಹಿಗ್ಗಿ ಶಾಹೀನಳನ್ನು ಕರೆಸಿದೆ. ಅವಳು ಪರದೆಗೆ ಮುಖ ತಾಗಿಸಿ ಎಳೆ ಎಣಿಸಿ, “ಇದು ಸುಳ್ಳ ಐತ್ರಿ” ಎಂದಳು. “ಇಲ್ಲಿ ಬಳ್ಳಿ ಎಳಿ ದಾಟೇ ಇಲ್ಲ, ಹಾರೇತಿ. ಹಿಂಗ ನೇಯಾಕ ಬರೂದಿಲ್ಲ.” ಯಂತ್ರ ತನಗೆ ತೋಚಿದ್ದನ್ನು ತುಂಬಿತ್ತು. ಹಳೆಯ ಜೋಡಬಳ್ಳಿ ಯಾರ ಮನೆಯಲ್ಲಾದರೂ ಇದೆಯೇ ಎಂದು ಅಣ್ಣಿಗೇರಿ, ಕುಂದಗೋಳ ಎಲ್ಲ ಅಲೆದೆ. ಫೋಟೋ ತೆಗೆದ ಮನೆಗಳಿಗೆಲ್ಲ ಹೋಗಿ ನೆಲ ನೋಡಿದೆ, ಮಂಚದ ಕೆಳಗೆ ಇಣುಕಿದೆ. “ಏನ ಕಳಕೊಂಡೀರಿ ಅಕ್ಕಾರ?” ಎಂದು ಕೇಳುತ್ತಿದ್ದರು. ಜಮಖಾನ ತುಳಿಯುವ ವಸ್ತು, ಸವೆದ ಮೇಲೆ ಯಾರೂ ಇಡುವುದಿಲ್ಲ. ಎಲ್ಲೂ ಸಿಗಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕತ್ತಲಿಗೆ ಯಾವ ಲೆನ್ಸು? ಕುಣಿಯುವವರು, ಹಾಡುವವರು, ಅಳುವ ಕೂಸು ಇವಕ್ಕೆ ದೊಡ್ಡ ಬಾಯಿಯದೇ ಬೇಕು, 1.8 ಧಾರಾಳ ಸಾಕು. 1.4 ಬೇಕೇ ಬೇಕೆಂದರೆ ತೆಗೆದುಕೊಳ್ಳಿ, ಆದರೆ ಅದರ ಬಾಯಿ ಮುಚ್ಚಲೂ ಕಲಿಯಿರಿ. ಮಗ್ಗ ಎಲ್ಲಿಗೂ ಓಡಿಹೋಗುವುದಿಲ್ಲ. ದಾದಿ ಊಟಕ್ಕೆ ಎದ್ದಾಗ ಒಂದು ಗಳಿಗೆ ಆ ಸೀರೆ ಸರಿಸಲು ಕೇಳಿ, ಪಕ್ಕದಲ್ಲೇ ಸ್ಟ್ಯಾಂಡ್ ಇಟ್ಟು, ಅಂಕಿಯನ್ನು ಹನ್ನೊಂದಕ್ಕೋ ಹದಿನಾರಕ್ಕೋ ಏರಿಸಿ ಬಾಯಿ ಸಣ್ಣದು ಮಾಡಿ, ಕ್ಯಾಮೆರಾ ತನಗೆ ಬೇಕಾದಷ್ಟು ಹೊತ್ತು ಬೆಳಕು ಕುಡಿಯಲು ಬಿಟ್ಟಿದ್ದರೆ, ಕ್ಯಾಮೆರಾ ಜೊತೆಗೇ ಬಂದು ಬೀರುವಿನಲ್ಲಿ ಬಿದ್ದಿದ್ದ ಆ ಸಾಧು ಲೆನ್ಸಿನಲ್ಲೇ ಪ್ರತಿ ಎಳೆಯೂ ಬರುತ್ತಿತ್ತು. ಕತ್ತಲೆಯನ್ನು ಲೆನ್ಸಿನಿಂದಲೇ ಗೆಲ್ಲಬೇಕಿಲ್ಲ, ಕಾದು ಕೂಡ ಗೆಲ್ಲಬಹುದು. ಲೆನ್ಸು ಆರಿಸುವ ಮೊದಲು, ಈ ಚಿತ್ರ ಯಾರಿಗೆ, ಯಾತಕ್ಕೆ ಬೇಕು ಎಂದು ಕೇಳಿಕೊಳ್ಳಿ. ನನಗಂತೂ ಶಾಹೀನ್ ಬಾಯಿಬಿಟ್ಟೇ ಹೇಳಿದ್ದಳು.

ಆ 1.4 ಲೆನ್ಸನ್ನು ಮಾರಲು ಎರಡು ಸಲ ಹುಬ್ಬಳ್ಳಿಗೆ ಒಯ್ದು ವಾಪಸು ತಂದೆ. ಇನ್ನೊಬ್ಬರ ಕೈಗೆ ಕೊಡಲೂ ಮನಸ್ಸಾಗಲಿಲ್ಲ, ಮನೆಯಲ್ಲಿಟ್ಟುಕೊಂಡು ನೋಡಲೂ ಆಗುವುದಿಲ್ಲ. ಶಾಹೀನಳಿಗೆ ಮುಖ ತೋರಿಸುವುದನ್ನು ತಪ್ಪಿಸುತ್ತಿದ್ದೆ. ಸಂತೆಯಲ್ಲಿ ಅವಳನ್ನು ದೂರದಿಂದ ಕಂಡರೆ ಬೇರೆ ಸಾಲಿಗೆ ಸರಿದುಬಿಡುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಅವಳೇ ಫೋನು ಮಾಡಿದಳು. ಈಗ ಅವಳು ಶಾಲೆಯ ಟೀಚರು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. “ಮನಿಗೆ ಬರ್ರಿ ಅಕ್ಕಾ, ಏನೋ ತೋರಿಸೂದೈತಿ” ಎಂದಳು. ಮೊಣಕಾಲಿನ ನೆಪ ಹೇಳಿದೆ. “ಆಟೋ ಕಳಸ್ತೀನ್ರಿ” ಎಂದಳು. ಹೋಗದೆ ಗತಿಯಿರಲಿಲ್ಲ.

ಮಗ್ಗ ಅದೇ ಜಾಗದಲ್ಲಿತ್ತು. ಅದರ ಮೇಲೆ ಮುಗಿಯಲು ಬಂದ ಜಮಖಾನ. ಶಾಹೀನ್ ಸೀರೆ ಸರಿಸಿದಳು. ಅವರ ಮನೆಯ ಪದ್ಧತಿಯಂತೆ ನಾನು ಪಕ್ಕದಲ್ಲಿ ಕೂತು ನೋಡಿದೆ. ಅಗಲಕ್ಕೂ ಉದ್ದಕ್ಕೂ ಬರೀ ಕೆಂಪು. ಎಡಗಡೆ, ಬೆಳಕು ಇಳಿಯುವ ಕಡೆ ಮಾತ್ರ, ಕೆಳಗಿನಿಂದ ಮೇಲಿನವರೆಗೆ ಒಂದು ಸಣ್ಣ ಪಟ್ಟಿ. ಅದರೊಳಗೆ ಜೋಡಬಳ್ಳಿ. ಒಂದು ಕಡೆಯಿಂದ ಬಳ್ಳಿ ಬಂದು, ತಿರುಗಿ, ಇನ್ನೊಂದು ಅಂಚಿಗೆ ಹೋಗಿ ಕಡಿದುಹೋಗುತ್ತಿತ್ತು. ಮತ್ತೆ ಮೇಲೆ ಎಲ್ಲಿಂದಲೋ ಬರುತ್ತಿತ್ತು, ಮತ್ತೆ ಕಡಿಯುತ್ತಿತ್ತು.

“ಫೋಟೋದಾಗ ಇಷ್ಟ ಕಂಡಿತ್ರಿ ಅಕ್ಕಾ” ಎಂದಳು. “ಕಂಡಷ್ಟ ನೇಯ್ದೆ.”

“ಬಾಜೂಕ ಬ್ಯಾರೆ ಏನರೆ ಹಾಕಬಹುದಿತ್ತಲ್ಲವಾ” ಎಂದೆ.

“ನನಗ ಗೊತ್ತಿಲ್ಲದ್ದನ್ನ ದಾದಿದು ಅಂತ ಹೆಂಗ ಹೇಳಲ್ರಿ? ಖಾಲಿ ಬಿಟ್ಟೀನಿ. ಯಾರಿಗರೆ ನೆನಪಾದ್ರ ಬಂದು ಹೇಳಲಿ.”

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ನಾನು ಕೈ ಚಾಚಿ ಆ ಬಳ್ಳಿಯನ್ನು ಮುಟ್ಟಿದೆ. ಮೂರು ಬೆರಳಿಟ್ಟರೆ ಪಟ್ಟಿ ಪೂರಾ ಮುಚ್ಚಿತು. ಉಳಿದದ್ದೆಲ್ಲ ಕೆಂಪು.